ಅವರು ನಿನಗೇನಾಗಬೇಕು?

ನಮ್ಮ ಮಂಡಿಯ ಅಟ್ಟದ ಬಾಗಿಲು ತೆಗೆದ ಕೂಡಲೇ ಕೊಬ್ಬರಿಯ ವಾಸನೆ ಮುಖಕ್ಕೆ ಬಡಿಯಿತು. ವರ್ಷದ ಹತ್ತಿರ ಸಿಪ್ಪೆ ಸಮೇತ ಕತ್ತಲಲ್ಲಿ ಕುಳಿತ ತೆಂಗಿನಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವಾಗ ಬಿಡುವ ವಾಸನೆ ಅದು. ಚನ್ನರಾಯಪಟ್ಟಣದಲ್ಲಿ ಹುಟ್ಟಿದವರಿಗೆ ಅದು ವಾಸನೆಯೇ ಅಲ್ಲ, ಗಾಳಿ. ನಾನು ಹೊರಗಿನಿಂದ ಸೊಸೆಯಾಗಿ ಬಂದವಳು. ಇಪ್ಪತ್ತೈದು ವರ್ಷ ದಾಟಿದರೂ ಮೂಗಿಗೆ ಇನ್ನೂ ತಿಳಿಯುತ್ತದೆ. ಕಾಯಿ ಇಳಿಸುವ ಮೊದಲು ಮೂಲೆಯ ಟ್ರಂಕು ಸರಿಸಬೇಕಿತ್ತು. ಸರಿಸಿದಾಗ ಮುಚ್ಚಳ ತೆರೆದುಕೊಂಡಿತು. ಮೇಲೆಯೇ ಮಡಿಸಿಟ್ಟ ಕೆಂಪು ಬಟ್ಟೆ, ಅದರ ನಡುವೆ ಹಸಿರು ನಕ್ಷತ್ರ. ಬಿಡಿಸಿ ಮೂಗಿಗೆ ಹಿಡಿದೆ. ಅದಕ್ಕೂ ಕೊಬ್ಬರಿ ವಾಸನೆ ಹತ್ತಿತ್ತು.

ಅದು ಮೊರಾಕೊ ದೇಶದ ಬಾವುಟ. ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷ, ಮಾರ್ಗಶಿರದ ಚಳಿಯಲ್ಲಿ, ನಮ್ಮೂರ ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಅದು ಹಾರಾಡಿತ್ತು. ಹಾರಿಸಿದವಳು ನಾನು. ಹಾಸನ ಜಿಲ್ಲೆಯಲ್ಲಿ ಮೊರಾಕೊ ಬಾವುಟ ಹಾರಿಸಿದ ಒಬ್ಬಳೇ ಒಬ್ಬಳು ಲಿಂಗಾಯತರ ಸೊಸೆ ನಾನೇ ಇರಬೇಕು. ಬೇರೆ ಯಾರಾದರೂ ಇದ್ದರೆ ತಿಳಿಸಿ, ಸಂಘ ಕಟ್ಟೋಣ. ಈ ಸಂಘ ಅನ್ನುವ ಮಾತಿನಿಂದಲೇ ಅವತ್ತು ಎಲ್ಲ ಶುರುವಾದದ್ದು.

ಅದಕ್ಕೆ ಮೊದಲು ನನ್ನ ಹುಚ್ಚಿನ ಮೂಲ ಹೇಳಬೇಕು. ನಮ್ಮಪ್ಪ ನೀರಾವರಿ ಇಲಾಖೆಯಲ್ಲಿದ್ದರು, ನಾನು ಬೆಳೆದದ್ದು ಗೊರೂರಿನ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ಮ್ಯಾಥ್ಯೂ ಅಂಕಲ್ ಕೇರಳದವರು, ಅಣೆಕಟ್ಟಿನ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ನಮ್ಮ ಸಾಲಿನಲ್ಲಿ ಟೀವಿ ಇದ್ದದ್ದು ಅವರ ಮನೆಯಲ್ಲಿ ಮಾತ್ರ. ತೊಂಬತ್ತರ ವಿಶ್ವಕಪ್ಪಿನ ಮೊದಲ ಪಂದ್ಯವನ್ನು ಅಲ್ಲೇ, ಅವರ ಮನೆಯ ಕೆಂಪು ನೆಲದ ಮೇಲೆ ಕುಳಿತು ನೋಡಿದೆ. ನನಗಾಗ ಹದಿನಾಲ್ಕು. ಹಿಂದಿನ ಸಲ ಕಪ್ ಗೆದ್ದಿದ್ದ ಅರ್ಜೆಂಟೀನಾವನ್ನು ಕ್ಯಾಮರೂನ್ ಎನ್ನುವ, ನಾನು ಹೆಸರೇ ಕೇಳಿರದ ದೇಶ ಸೋಲಿಸಿಬಿಟ್ಟಿತು. ಇಬ್ಬರು ಆಟಗಾರರನ್ನು ಹೊರಗೆ ಕಳಿಸಿದ ಮೇಲೂ ಉಳಿದ ಒಂಬತ್ತು ಜನ ಜಗ್ಗಲಿಲ್ಲ. ಮುಂದೆ ಅದೇ ಕ್ಯಾಮರೂನ್ ಇಂಗ್ಲೆಂಡಿನ ಕೈಲಿ ಸೋತಾಗ ನಾನು ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ಬಂದು ನಿಂತರು. ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದರು: "ಅವ್ರು ನಿನಗೇನಾಗ್ಬೇಕೇ?"

ನಮ್ಮ ಕಡೆ ಈ ಪ್ರಶ್ನೆ ಬಾಯಿಗೆ ಬಂದಷ್ಟು ಸಲೀಸಾಗಿ ಬೇರೆ ಯಾವುದೂ ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರ ಮುಂದೆ ಯಾರದಾದರೂ ಹೆಸರೆತ್ತಿ ನೋಡಿ, ಅವರು ನಿಮಗೇನಾಗಬೇಕು ಅನ್ನುತ್ತಾರೆ. ಚಿಕ್ಕಪ್ಪನೋ, ಷಡ್ಡಕನೋ, ಬೀಗರ ಕಡೆಯವರೋ, ಏನಾದರೊಂದು ಆಗಲೇಬೇಕು. ಏನೂ ಆಗದವರಿಗಾಗಿ ಅಳುವುದು ನಮ್ಮಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅಪ್ಪನಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲೂ ಇಲ್ಲ.

ಅಂದಿನಿಂದ ನನ್ನದು ಒಂದೇ ಹಟ. ಜಗತ್ತೆಲ್ಲ ಯಾರ ಹಿಂದೆ ಹೋಗುತ್ತದೋ ಅವರ ಹಿಂದೆ ನಾನು ಹೋಗುವುದಿಲ್ಲ. ಬ್ರೆಜಿಲ್ಲನ್ನು ಇಷ್ಟಪಡಲು ಏನು ಕಷ್ಟ? ಆ ಹಳದಿ ಅಂಗಿಗೆ ಮಕ್ಕಳೂ ಮರುಳಾಗುತ್ತಾರೆ. ಇಂಗ್ಲೆಂಡು ಪ್ರತಿ ಸಲ ಕಪ್ ಗೆದ್ದವರ ಠೀವಿಯಲ್ಲಿ ಬರುತ್ತದೆ, ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸು ಹೋಗುತ್ತದೆ. ಜರ್ಮನಿ ಆ ವರ್ಷ ಜಪಾನಿನ ಕೈಲಿ ಸೋತಾಗ ಮಂಡಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಗೆದ್ದ ದಿನವೂ ತಾವು ಬಟ್ಟೆ ಬದಲಿಸಿದ ಕೋಣೆಯನ್ನು ತಾವೇ ಗುಡಿಸಿ ಒಪ್ಪ ಮಾಡಿ ಹೋಗುವ ಜಪಾನಿನವರನ್ನು ಕಂಡರೆ ಸಂಸಾರ ಮಾಡಿದ ಯಾವ ಹೆಂಗಸಿಗೂ ಹೊಟ್ಟೆ ತಣ್ಣಗಾಗುತ್ತದೆ. ಅರ್ಜೆಂಟೀನಾ ಚೆನ್ನಾಗಿ ಆಡುತ್ತದೆ, ಒಪ್ಪುತ್ತೇನೆ. ಆ ಸಲ ಕಪ್ಪನ್ನೂ ಗೆದ್ದಿತು, ಅದನ್ನೂ ಒಪ್ಪುತ್ತೇನೆ. ಒಪ್ಪುವುದು ಬೇರೆ, ಪರವಾಗಿ ನಿಲ್ಲುವುದು ಬೇರೆ. ನಮ್ಮ ದೇಶವಂತೂ ಆ ಕೂಟದಲ್ಲಿ ಆಡುವುದೇ ಇಲ್ಲ. ಅಲ್ಲಿ ನಮಗೆ ಯಾರೂ ಏನೂ ಆಗಬೇಕಿಲ್ಲ. ಹಾಗಿರುವಾಗ ಬಲವಿದ್ದವರ ಬಾಲ ಹಿಡಿಯುವ ದರ್ದು ನಮಗೇನು?

ಆ ವರ್ಷ ನಾನು ಆರಿಸಿಕೊಂಡದ್ದು ಮೊರಾಕೊ. ಮಂಡಿಯಲ್ಲಿ ಕೂರುವವಳು ನಾನೇ ಆಗಿದ್ದೆ, ಯಜಮಾನರಿಗೆ ಬೆನ್ನುನೋವು ಶುರುವಾಗಿ ಅವರು ಅರ್ಧ ದಿನ ಮಾತ್ರ ಬರುತ್ತಿದ್ದರು. ಬಾವುಟ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಹಾಸನಕ್ಕೆ ಹೋದಾಗ ಕೆಂಪು ಬಟ್ಟೆ ತಂದೆ. ಹಸಿರಿಗೆ ಪರದಾಡಲಿಲ್ಲ. ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸುಗಳು ಬೀರುವಿನಲ್ಲಿ ಗುಡ್ಡೆ ಬಿದ್ದಿದ್ದವು, ಅದರಲ್ಲಿ ಒಂದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ. ಮೊರಾಕೊದ ನಕ್ಷತ್ರ ನಾವು ರಂಗೋಲಿಯಲ್ಲಿ ಕೈ ಎತ್ತದೆ ಎಳೆಯುವ ಐದು ಮೂಲೆಯ ನಕ್ಷತ್ರವೇ. ಹೊಲಿದು, ಮಂಡಿಯ ಮುಂದಿನ ಕಂಬಕ್ಕೆ ಕಟ್ಟಿದೆ.

ಮಧ್ಯಾಹ್ನದ ಹೊತ್ತಿಗೆ ಎದುರು ಮಂಡಿಯ ರುದ್ರೇಶ ನಮ್ಮ ಭಾವ ನಂಜುಂಡಪ್ಪನವರನ್ನು ಮನೆಯಿಂದ ಎಬ್ಬಿಸಿಕೊಂಡು ಬಂದ. ಭಾವ ಅಂದರೆ ಯಜಮಾನರ ಅಣ್ಣ, ಮನೆಗೂ ಮಂಡಿಗೂ ಹಿರಿಯರು. ರುದ್ರೇಶನ ಮುಖ ಮೊದಲೇ ಸಪ್ಪಗಿತ್ತು. ಅವನು ಅರ್ಜೆಂಟೀನಾ ಕಡೆಯವನು, ಹಿಂದಿನ ದಿನವಷ್ಟೇ ಸೌದಿಯವರ ಕೈಲಿ ಅವರು ಸೋತಿದ್ದರು.

"ನೋಡಣ್ಣ ನೀನೇ. ಕೆಂಬಾವುಟ, ನಡೂಕೆ ನಕ್ಸತ್ರ. ಹಾಸನದಲ್ಲಿ ಕಾರ್ಮಿಕ್ರ ಮೆರವಣಿಗೇಲಿ ನಾನೇ ಕಂಡಿವ್ನಿ. ನಿಮ್ ಮಂಡಿ ಕೂಲಿ ಹೆಂಗಸ್ರು ಸಂಘ ಕಟ್ಕಂಡವ್ರೆ. ನಾಳೆ ನಮ್ಮಲ್ಲೂ ಸುರುವಾಯ್ತದೆ."

ಭಾವ ಬಾವುಟವನ್ನೂ ನನ್ನನ್ನೂ ನೋಡಿದರು. "ಯಾವ ಪಾರ್ಟಿದಮ್ಮ ಇದು?"

"ಪಾರ್ಟಿ ಅಲ್ಲ ಭಾವ, ಮೊರಾಕೊ."

"ಅದ್ಯಾವ ಪಾರ್ಟಿ?"

"ದೇಶ ಭಾವ. ಆಫ್ರಿಕಾದಲ್ಲೈತೆ. ಫುಟ್‌ಬಾಲ್ ಆಡ್ತಾರೆ."

ಭಾವ ತಲೆ ಎತ್ತಿ ಬಾವುಟವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅದೇ ಪ್ರಶ್ನೆ ಬಂತು. "ಅವ್ರು ನಿನಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ."

"ಏನೂ ಆಗ್ದೋರ ಬಾವುಟ ನಮ್ ಬಾಗ್ಲಲ್ಲಿ ಯಾಕಮ್ಮ? ಇಳ್ಸು ಅದನ್ನ."

ಭಾವನ ಮಾತಿಗೆ ಎದುರು ಹೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಯಜಮಾನರು ಒಳಗಿನಿಂದ ಕಣ್ಣಲ್ಲೇ ಬೇಡ ಅಂದರು. ನಾನು ಅತ್ತ ನೋಡಲಿಲ್ಲ. "ಅವ್ರು ಸೋತ್ ಮೇಲೆ ಇಳಿಸ್ತೀನಿ ಭಾವ. ಅಲ್ಲೀವರ್ಗೂ ಇಳಿಸಲ್ಲ."

"ಯಾವಾಗ ಸೋಲ್ತಾರೆ?"

"ಒಂದ್ವಾರ ಬುಡಣ್ಣ," ಅಂದ ರುದ್ರೇಶ. "ಮೊದಲ್ನೇ ಸುತ್ತಲ್ಲೇ ಗಂಟುಮೂಟೆ ಕಟ್ತಾರೆ."

ಒಂದು ವಾರ ಅಂದದ್ದಕ್ಕೆ ಭಾವ ಒಪ್ಪಿ ಹೋದರು. ಅವತ್ತೇ ಮಧ್ಯಾಹ್ನ ಕ್ರೊಯೇಷಿಯಾ ಜೊತೆ ಮೊದಲ ಪಂದ್ಯ. ಮಂಡಿಯ ಆಫೀಸಿನಲ್ಲಿದ್ದ ಟೀವಿಯನ್ನು ಅಂಗಳದ ಕಡೆಗೆ ತಿರುಗಿಸಿದೆ. ಕರಟ ಒಡೆದು ಕೊಬ್ಬರಿ ಬಿಡಿಸುವ ಹೆಂಗಸರು ಮಚ್ಚು ಆಡಿಸುತ್ತಲೇ ನೋಡಿದರು. ಒಂದು ಗೋಲೂ ಬರಲಿಲ್ಲ, ಯಾರೂ ಸೋಲಲಿಲ್ಲ. ಬಾವುಟ ಉಳಿಯಿತು. ಭಾನುವಾರ ಬೆಲ್ಜಿಯಮ್ಮನ್ನು ಎರಡು ಗೋಲಿನಿಂದ ಸೋಲಿಸಿದರು. ಸೋಮವಾರ ಬೆಳಿಗ್ಗೆ ರುದ್ರೇಶ ನಮ್ಮ ಕಡೆ ತಲೆ ಎತ್ತಿ ನೋಡದೆ ತನ್ನ ಷಟರ್ ಎತ್ತಿದ.

ಅವತ್ತೇ ಜಯಮ್ಮ ಬಾಯಿ ಬಿಟ್ಟದ್ದು. ಜಯಮ್ಮ ಅರಕಲಗೂಡಿನ ಕಡೆಯಿಂದ ಮದುವೆಯಾಗಿ ಬಂದವಳು, ನಮ್ಮಲ್ಲಿ ಕೊಬ್ಬರಿ ಬಿಡಿಸುವವರಲ್ಲಿ ಹಿರಿಯಳು, ಮಾತಿನ ಮಲ್ಲಿ. "ಅಕ್ಕಾ, ಇದು ನಮ್ ಸಂಘದ ಬಾವುಟ ಅಂತ ಬೀದಿಯೆಲ್ಲ ಆಡ್ಕತಾವ್ರೆ. ನಮಗೇ ಗೊತ್ತಿಲ್ದಂಗೆ ನಮಗೊಂದು ಸಂಘ ಕಟ್ಕೊಟ್ಟಿದ್ದೀರಲ್ಲ!" ಅಂದಳು. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವಳು ಮಚ್ಚು ಕೆಳಗಿಟ್ಟಳು. "ಸಂಘ ಆದ್ಮೇಲೆ ಒಂದು ಮಾತು ಕೇಳ್ಬೋದಲ್ಲಕ್ಕ. ಆ ಬಾತ್ರೂಮಿನ ಬೀಗ ತೆಗೆಸ್ಕೊಡಿ."

ಅಂಗಳದ ಕೊನೆಗೆ ಒಂದು ಕಕ್ಕಸು ಇತ್ತು. ಉತ್ತರದ ಕಡೆಯಿಂದ ಖರೀದಿಗೆ ಬರುವ ಸೇಟುಗಳಿಗೆಂದು ಭಾವ ಬಿಳಿ ಟೈಲ್ಸ್ ಹಾಕಿಸಿ ಕಟ್ಟಿಸಿದ್ದು. ಸೇಟುಗಳು ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಉಳಿದ ದಿನ ಅದಕ್ಕೆ ಬೀಗ, ಬೀಗದ ಕೈ ಭಾವನ ಉಡಿದಾರದಲ್ಲಿ. ಗಂಡಸರು ಬೀದಿ ಕೊನೆಯ ಗೋಡೆ ನೋಡಿಕೊಳ್ಳುತ್ತಿದ್ದರು. ನನಗೂ ಆ ಬಾಗಿಲು ತೆರೆಯುತ್ತಿರಲಿಲ್ಲ, ಎರಡು ಬೀದಿ ದಾಟಿ ಮನೆಗೆ ಹೋಗಿ ಬರುತ್ತಿದ್ದೆ. ಆದರೆ ನನಗೆ ಮನೆ ಹತ್ತಿರವಿತ್ತು. ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ, ಊರ ಆಚೆ ತುದಿಯಿಂದ ನಡೆದು ಬರುವ ಹೆಂಗಸರು ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕೊಬ್ಬರಿಯ ದೂಳಿಗೆ ಗಂಟಲು ಒಣಗಿದರೆ ಬಾಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಳ್ಳುತ್ತಿದ್ದರು. ಅವರ ಪಕ್ಕದಲ್ಲೇ ತುಂಬಿದ ಕೊಡ ಇರುತ್ತಿತ್ತು.

ಸಂಜೆ ಭಾವನನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿದ್ದು. "ಇವತ್ತು ಬೀಗ ತೆಗೆದ್ರೆ ನಾಳೆ ಫ್ಯಾನು, ನಾಡಿದ್ದು ಕುರ್ಚಿ. ರುದ್ರೇಶ ಅಂದಿದ್ದು ನಿಜ ಆಯ್ತದೆ. ನಿನಗ್ಯಾಕಮ್ಮ ಇಲ್ಲದ ಉಸಾಬರಿ? ಆ ಹೆಂಗಸ್ರು ನಿನಗೇನಾಗ್ಬೇಕು?"

ಅಪ್ಪ ಕೇಳಿದ್ದೂ ಅದನ್ನೇ, ಇವರು ಮೊದಲು ಕೇಳಿದ್ದೂ ಅದನ್ನೇ. ಅಪ್ಪನಿಗೆ ಗೊತ್ತಿರಲಿಲ್ಲ, ಕೇಳಿದ್ದರು. ಭಾವ ಕೇಳುತ್ತಿರಲಿಲ್ಲ, ಬಾಗಿಲು ಮುಚ್ಚುತ್ತಿದ್ದರು. ನೆಟ್ಟಗೆ ಮಂಡಿಗೆ ಬಂದು, ಸಡಿಲವಾಗಿದ್ದ ಬಾವುಟದ ದಾರಕ್ಕೆ ಎರಡು ಗಂಟು ಹೆಚ್ಚು ಹಾಕಿದೆ.

ಅಲ್ಲಿಂದ ಮುಂದೆ ಪಂದ್ಯ ಬರೀ ಪಂದ್ಯವಾಗಿ ಉಳಿಯಲಿಲ್ಲ. ಬಾವುಟ ಇರುವಷ್ಟು ದಿನ ಬೀಗದ ಮಾತೂ ಇರುತ್ತದೆ, ಬಾವುಟ ಇಳಿದರೆ ಎಲ್ಲರೂ ಮರೆತುಬಿಡುತ್ತಾರೆ ಎಂದು ಹೆಂಗಸರಿಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಕೆನಡಾವನ್ನು ಸೋಲಿಸಿದ ಮರುದಿನ ಒಬ್ಬಳು ಕಂಬದ ಬುಡಕ್ಕೆ ಅರಿಸಿನ ಕುಂಕುಮ ಇಟ್ಟಳು. ಭಾವ ದಿನಾ ಬೆಳಿಗ್ಗೆ ಪೇಪರಿನಲ್ಲಿ ಆಟದ ಸುದ್ದಿಯ ಕೊನೆಯ ಪುಟವನ್ನು ಮೊದಲು ತೆಗೆಯತೊಡಗಿದರು. "ಇನ್ನೂ ಸೋತಿಲ್ವೇನಮ್ಮ?" ಎಂದು ಕೇಳುವಾಗ ಅವರ ದನಿಯಲ್ಲಿ ನಿಜವಾದ ಸಂಕಟ ಇರುತ್ತಿತ್ತು.

ಸ್ಪೇನಿನ ಜೊತೆ ಆಟ ಮಂಗಳವಾರ ರಾತ್ರಿ ಊಟದ ಹೊತ್ತಿಗೆ. ಊರೊಳಗೇ ಮನೆ ಇದ್ದ ಜಯಮ್ಮ ಇನ್ನಿಬ್ಬರನ್ನು ಕರೆದುಕೊಂಡು ಮಂಡಿಗೆ ಬಂದಳು. ಬೀಗರ ಮನೆಯಲ್ಲಿ ಕೊನೆಯ ಹೋಳಿಗೆಯನ್ನು ನೀವು ಹಾಕಿಸಿಕೊಳ್ಳಿ, ನೀವು ಹಾಕಿಸಿಕೊಳ್ಳಿ ಎಂದು ಒಬ್ಬರಿಗೊಬ್ಬರು ತಳ್ಳುತ್ತಾರಲ್ಲ, ಸ್ಪೇನಿನವರು ಚೆಂಡನ್ನು ಹಾಗೇ ಆಡುತ್ತಾರೆ. ಕೊನೆಗೆ ಯಾರೂ ತಿನ್ನಲಿಲ್ಲ. ಪೆನಾಲ್ಟಿಗೆ ಹೋಯಿತು. ಮೊರಾಕೊದ ಗೋಲು ಕಾಯುವವನ ಮುಂದೆ ಸ್ಪೇನಿನವರಿಗೆ ಒಂದೂ ದಕ್ಕಲಿಲ್ಲ. ಗೆಲುವಿನ ಹೊಡೆತ ಹೊಡೆದವನು ಚೆಂಡನ್ನು ಬಲವಾಗಿ ಒದೆಯಲೇ ಇಲ್ಲ, ನಿಧಾನಕ್ಕೆ ನಡುವೆ ಎತ್ತಿಬಿಟ್ಟ. ಅಂಥ ಹೊತ್ತಲ್ಲಿ ಅಂಥ ಉಡಾಫೆ! ಜಯಮ್ಮ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆಹಾಹಾ, ಏನ್ ಧಿಮಾಕು ಕಣಕ್ಕ ಈ ನನ್ಮಗಂದು!" ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಶನಿವಾರ ಪೋರ್ಚುಗಲ್. ಅವತ್ತು ಭಾವನೂ ಬಂದರು. ಸೋಲುವುದನ್ನು ಕಣ್ಣಾರೆ ನೋಡಿಯೇ ಬಾವುಟ ಇಳಿಸಲು ಬಂದದ್ದು ಎಂದು ಹೇಳಿಯೇ ಕುರ್ಚಿ ಎಳೆದುಕೊಂಡರು. ಮೊರಾಕೊದವನೊಬ್ಬ ಗೋಲು ಕಾಯುವವನ ಕೈಗಿಂತ ಮೇಲಕ್ಕೆ ನೆಗೆದು ತಲೆಯಲ್ಲಿ ಹೊಡೆದ. ಒಂದು ಗೋಲು, ಅಷ್ಟೇ ಸಾಕಾಯಿತು. ಆಫ್ರಿಕಾದ ಯಾವ ದೇಶವೂ ಅಲ್ಲಿಯವರೆಗೆ ಸೆಮಿಫೈನಲ್ ಮುಟ್ಟಿರಲಿಲ್ಲ. ನನಗೆ ಗೊರೂರಿನ ಕೆಂಪು ನೆಲ ನೆನಪಾಗಿ ಕಣ್ಣು ತುಂಬಿತು. ಆಟ ಮುಗಿದ ಮೇಲೆ ಒಬ್ಬ ಆಟಗಾರ ತನ್ನ ತಾಯಿಯನ್ನು ಮೈದಾನಕ್ಕೇ ಕರೆದುತಂದ. ಆಕೆ ತಲೆಗೆ ಬಟ್ಟೆ ಸುತ್ತಿಕೊಂಡ, ನಮ್ಮ ಸಂತೆಯಲ್ಲಿ ಸೊಪ್ಪು ಕೊಳ್ಳುವ ಯಾವ ಹೆಂಗಸೂ ಆಗಿರಬಹುದಾದ ಹೆಂಗಸು. ತಾಯಿ ಮಗ ಕೈ ಹಿಡಿದು ಕುಣಿದರು.

"ತಾಯಿನ ಕರ್ಕೊಂಡ್ ಬಂದವ್ನೆ ನೋಡಿ ಅಪ್ಪಾರೆ," ಅಂದಳು ಜಯಮ್ಮ, ಭಾವನ ಕಡೆ ತಿರುಗಿ. ಕುಣಿತ ಮುಗಿಯುವವರೆಗೆ ಭಾವ ಕುರ್ಚಿ ಬಿಟ್ಟು ಏಳಲಿಲ್ಲ.

ಫ್ರಾನ್ಸಿನ ಜೊತೆಗಿನ ಸೆಮಿಫೈನಲ್ ಅಪರಾತ್ರಿಯಲ್ಲಿತ್ತು, ಮನೆಯಲ್ಲಿ ಒಬ್ಬಳೇ ನೋಡಿದೆ. ಸೋತರು. ಫ್ರಾನ್ಸಿನವರು ಒಳ್ಳೆಯ ಆಟಗಾರರು; ನನಗೆ ಇವತ್ತಿಗೂ ಅವರನ್ನು ಕಂಡರೆ ಆಗುವುದಿಲ್ಲ. ಬೆಳಿಗ್ಗೆ ಮಂಡಿಗೆ ಹೋದರೆ ಭಾವ ನನಗಿಂತ ಮೊದಲೇ ಬಂದು ಕಂಬದ ಹತ್ತಿರ ಸ್ಟೂಲು ಹಾಕಿಸಿದ್ದರು.

"ಸೋತ್ರಲ್ಲ. ಇಳ್ಸು."

"ಇನ್ನೊಂದು ಮ್ಯಾಚ್ ಐತೆ ಭಾವ. ಮೂರನೇ ಜಾಗಕ್ಕೆ."

"ಸೋತೋರಿಗೂ ಮ್ಯಾಚಾ? ಇದ್ಯಾವ ಸೀಮೆ ಆಟನಮ್ಮ!"

ಸ್ಟೂಲು ಒಳಗೆ ಹೋಯಿತು. ಶನಿವಾರ ಆ ಮೂರನೇ ಜಾಗದ ಆಟದಲ್ಲೂ ಕ್ರೊಯೇಷಿಯಾದವರ ಕೈಲಿ ಸೋತರು. ಭಾನುವಾರ ಅರ್ಜೆಂಟೀನಾ ಕಪ್ ಗೆದ್ದಿತು. ಸೋಮವಾರ ರುದ್ರೇಶ ಬೀದಿಗೆಲ್ಲ ಮೈಸೂರುಪಾಕು ಹಂಚಿದ. ನನಗೂ ಕೊಟ್ಟ, ತಿಂದೆ. ಇನ್ನು ಮಾತು ತಪ್ಪುವಂತಿರಲಿಲ್ಲ. ಸ್ಟೂಲು ತರಿಸಿ ನಾನೇ ಹತ್ತಿದೆ. ನಾಲ್ಕು ಮಂಡಿಯವರು ಹೊರಗೆ ಬಂದು ನೋಡುತ್ತಿದ್ದರು. ಹೆಂಗಸರ ಮಚ್ಚಿನ ಸದ್ದು ನಿಂತಿತ್ತು. ನಾನೇ ಬಿಗಿದ ಗಂಟುಗಳನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಬಾವುಟ ಮಡಿಸಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿದವಳು ಹಾಗೇ ನಿಲ್ಲಬಹುದಿತ್ತು. ಜಯಮ್ಮನ ಮುಖ ನೋಡಿದೆ. ಅವಳು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ತಲೆ ತಗ್ಗಿಸಿ ಮತ್ತೆ ಕರಟಕ್ಕೆ ಕೈ ಹಾಕುತ್ತಿದ್ದಳು. ಅವಳ ಕೈಯಿಂದ ಮಚ್ಚು ಇಸಕೊಂಡೆ. ಅಂಗಳ ದಾಟಿ ಹೋಗಿ ಮಚ್ಚಿನ ಹಿಂಬದಿಯಿಂದ ಆ ಬೀಗಕ್ಕೆ ಬಾರಿಸಿದೆ. ಮೊದಲ ಏಟಿಗೆ ಬಗ್ಗಲಿಲ್ಲ. ಎರಡನೆಯದಕ್ಕೂ ಇಲ್ಲ. ಭಾವ ಓಡಿ ಬರುವಷ್ಟರಲ್ಲಿ ಚಿಲಕವೇ ಕಿತ್ತುಕೊಂಡು ಬೀಗ ಸಮೇತ ನೆಲಕ್ಕೆ ಬಿತ್ತು.

"ಬಾವುಟ ಇಳಿಸ್ತೀನಿ ಅಂದಿದ್ದೆ ನೀನು! ಬೀಗ ಒಡೀತೀನಿ ಅಂದಿದ್ಯಾ?"

"ಮಾತು ಕೊಟ್ಟಂಗೆ ಇಳ್ಸಿದ್ದೀನಿ ಭಾವ. ನೀವು ಕೇಳಿದ್ರಲ್ಲ, ಈ ಹೆಂಗಸ್ರು ನಿನಗೇನಾಗ್ಬೇಕು ಅಂತ. ಏನೂ ಆಗ್ಬೇಕಿಲ್ಲ. ಏನಾದ್ರೂ ಆಗ್ಬೇಕಾದೋರ ಪರ ಯಾರ್ ಬೇಕಾದ್ರೂ ನಿಂತ್ಕೋತಾರೆ. ಏನೂ ಆಗ್ದೋರಿಗೂ ಬಾಯಾರುತ್ತೆ ಭಾವ."

ಹದಿನಾಲ್ಕರಲ್ಲಿ ಅಪ್ಪನಿಗೆ ಕೊಡಲಾಗದ ಉತ್ತರ ಅದು. ಇಷ್ಟು ವರ್ಷ ಎಲ್ಲಿ ಕುಳಿತಿತ್ತೋ, ಇಡೀ ಮಂಡಿ ಬೀದಿಯ ಮುಂದೆ ಹೊರಗೆ ಬಂತು. ಜಯಮ್ಮ ಎದ್ದಳು. ಯಾರನ್ನೂ ನೋಡದೆ ಕೊಡದ ಹತ್ತಿರ ಹೋಗಿ, ಒಂದು ಚೊಂಬು ನೀರು ತುಂಬಿಕೊಂಡು, ಭಾವನ ಎದುರೇ ಗಟಗಟ ಕುಡಿದಳು.

ಭಾವ ಸಂಕ್ರಾಂತಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ನಾನೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಯಜಮಾನರು ಮಾತ್ರ ಮಾರನೆಯ ದಿನ ಒಂದು ಹೊಸ ಚಿಲಕ ತಂದು, ಬೆನ್ನುನೋವಿನಲ್ಲೇ ಬಗ್ಗಿ, ಆ ಬಾಗಿಲ ಒಳಗಡೆಗೆ ಹಾಕಿದರು. ಹೊರಗಡೆಗೆ ಇವತ್ತಿಗೂ ಬೀಗವಿಲ್ಲ. ರುದ್ರೇಶ ಹೆದರಿದ್ದೂ ನಿಜವಾಯಿತು, ಮರುವರ್ಷ ಅವನ ಮಂಡಿಯ ಹೆಂಗಸರೂ ಕೇಳಿ ಒಂದು ಕಕ್ಕಸು ಕಟ್ಟಿಸಿಕೊಂಡರು. ಅದಕ್ಕೆ ಯಾವ ಸಂಘವೂ ಬೇಕಾಗಲಿಲ್ಲ.

ಈಗ ಮತ್ತೊಂದು ವಿಶ್ವಕಪ್ ಹತ್ತಿರ ಬಂದಿದೆ. ಬಾವುಟ ಹಿಡಿದು ಅಟ್ಟದ ಏಣಿಯ ಮೇಲೆ ನಿಂತಿದ್ದವಳಿಗೆ ಕೆಳಗೆ ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಭಾವ ಕಂಡರು. ಈಗ ಕೋಲು ಹಿಡಿದು ನಡೆಯುತ್ತಾರೆ. ಕೆಂಪು ಬಟ್ಟೆ ಕಂಡು ಕಣ್ಣು ಕಿರಿದು ಮಾಡಿದರು.

"ಏನಮ್ಮಾ, ಈ ಸಲ ನಮ್ಮೋರು ಆಡ್ತಾರಾ?"

"ಯಾರು ನಮ್ಮೋರು?"

"ಅದೇ ಕಣಮ್ಮ, ತಾಯಂದ್ರನ್ನ ಕುಣಿಸ್ತಾರಲ್ಲ, ಅವ್ರು."

ಇಳಿಸಿದ ಕಾಯಿ ಹಿಡಿಯಲು ಏಣಿಯ ಬುಡದಲ್ಲಿ ನಿಂತಿದ್ದ ಜಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಇಷ್ಟು ಸುಲಭಕ್ಕೆ ಬಿಡುವವಳು ನಾನಲ್ಲ.

"ಅವ್ರು ನಿಮಗೇನಾಗ್ಬೇಕು ಭಾವ?"

ಅಂಗಳದಲ್ಲಿ ಮಚ್ಚುಗಳು ನಿಂತವು. ಭಾವ ನನ್ನನ್ನು ನೋಡಿದರು, ಜಯಮ್ಮನನ್ನು ನೋಡಿದರು, ಕೋಲಿನ ತುದಿಯಿಂದ ನೆಲ ಕೆರೆದರು. ನಾನು ಏಣಿಯ ಮೇಲೇ ಕಾದೆ.

"ಏನೂ ಆಗ್ಬೇಕಿಲ್ಲ ಕಣಮ್ಮ," ಅಂದರು.

ಕೆಳಗಿಳಿದು ಬಂದು ಬಾವುಟವನ್ನು ಅವರ ತೊಡೆಯ ಮೇಲೆ ಹಾಕಿದೆ. "ಹಂಗಾದ್ರೆ ಹಿಡ್ಕೊಳ್ಳಿ."